ಸುಳಿ ನೋಡೋ ಕಣ್ಣಿಗೆ ನೋವು ಯಾಕೆ ಕಾಣಲ್ಲ?

ಹೋದ ವಾರ ಭತ್ತದ ಒಟ್ಟಲಿನ ಬಗ್ಗೆ ಬರೀತೀನಿ ಅಂದಿದ್ದೆ. ಅದು ಇನ್ನೊಂದು ದಿನಕ್ಕಿರಲಿ. ಇವತ್ತಿನದು ಬೇರೆ ವಿಷಯ, ಉದ್ದ ಇದೆ, ಸ್ವಲ್ಪ ಖಾರನೂ ಇದೆ. ಕೊಟ್ಟಿಗೇಲಿ ಎತ್ತು ಕಟ್ಟಿರೋರು ಪೂರ್ತಿ ಓದಿ. ಎತ್ತು ಮಾರಿ ಟ್ರ್ಯಾಕ್ಟರ್ ಹಿಡಿದೋರೂ ಓದಿ, ಹಸುನೋ ಎಮ್ಮೆನೋ ನಿಮ್ಮ ಮನೇಲೂ ಇರುತ್ತಲ್ಲ.

ಭಾನುವಾರ ಬೆಳಗ್ಗೆ ನಾಲೆ ಏರಿ ಮೇಲೆ ಒಂದು ಟೈರ್ ಗಾಡಿ ನಿಂತುಹೋಗಿತ್ತು. ಆಲೆಮನೆಗೆ ಹೋಗೋ ಕಬ್ಬು, ತಲೆ ಮೇಲೆ ತಲೆ ಹೇರಿದ್ರು. ಬಲಗಡೆ ಎತ್ತು ಮುಂಗಾಲು ಊರಿ ನಿಂತಿತ್ತು, ಏನು ಮಾಡಿದ್ರೂ ಹೆಜ್ಜೆ ಕೀಳ್ತಿರಲಿಲ್ಲ. ಗಾಡಿ ಹುಡುಗ ಒಂದು ಕೈಲಿ ಚಾಟಿ ಬೀಸ್ತಾ ಇನ್ನೊಂದು ಕೈಲಿ ಬಾಲ ತಿರುಚ್ತಿದ್ದ. ಟೀ ಅಂಗಡಿ ಮುಂದೆ ನಾವು ಐದಾರು ಜನ ಇದ್ದೋ. ಒಬ್ಬರು ಲೋಟ ಕೆಳಗಿಡದೇ ಹೇಳಿದ್ರು: "ಮೈಗಳ್ಳ ಎತ್ತು ಕಣ್ಲಾ ಅದು. ನಾಕು ಜಾಸ್ತಿ ಬುಡು, ತಾನಾಗೇ ಹೋಯ್ತದೆ."

ನಾನು ಎದ್ದು ಹೋಗಿ ನೊಗದ ಕಡೆ ಕೈ ಹಾಕಿದೆ. ಎತ್ತು ನಡುಗಿ ಹಿಂದಕ್ಕೆ ಜಗ್ಗಿತು. ನೊಗ ಒಂದು ಚೂರು ಎತ್ತಿ ನೋಡಿದ್ರೆ ಕೆಳಗೆ ಅಂಗೈ ಅಗಲ ಚರ್ಮ ಇರಲಿಲ್ಲ. ಕೆಂಪಗೆ ಮಾಂಸ, ಅಂಚಲ್ಲಿ ಕೀವು, ಅದರ ಮೇಲೆ ನೊಣ. ಆ ಗಾಯದ ಮೇಲೆ ನೊಗದ ಕಟ್ಟಿಗೆ ಕೂತಿತ್ತು, ನೊಗಕ್ಕೆ ಗಾಡಿ ತುಂಬ ಕಬ್ಬಿನ ಭಾರ. ನಮ್ಮ ಹೆಗಲಲ್ಲಿ ಒಂದು ಕುರು ಎದ್ದರೆ ಬನಿಯನ್ ಹಾಕೋಕೂ ಆಗಲ್ಲ ಅಂತ ಒದ್ದಾಡ್ತೀವಿ. ಎತ್ತು ಕಾಲೂರಿ ನಿಂತರೆ ಅದು ಮೈಗಳ್ಳ.

ಅಲ್ಲೇ ಜಗಳ ಆಯ್ತು. ಜಗಳದಲ್ಲಿ ನಾನು ಹೇಳಬೇಕಾದ್ದನ್ನ ಸರಿಯಾಗಿ ಹೇಳಲಿಲ್ಲ, ಬರೀ ಕೂಗಾಡಿದೆ. ಅದಕ್ಕೇ ಈಗ ಕೂತು ಬರೀತಿದೀನಿ. ನನ್ನ ಮಾತು ಇಷ್ಟೇ. ನಮ್ಮ ಸೀಮೇಲಿ ಮೈಗಳ್ಳ ಎತ್ತು ಅನ್ನೋದು ನೂರಕ್ಕೆ ಒಂದೋ ಎರಡೋ. ಉಳಿದದ್ದೆಲ್ಲ ಏನೋ ನೋವು ಇಟ್ಕೊಂಡಿರೋ ಎತ್ತು. ಮೈಗಳ್ಳತನ ನಮ್ಮ ಕಣ್ಣಿಗೆ ಬಂದಿದೆ.

ಬೇಜಾರಾಗಬೇಡಿ, ಲೆಕ್ಕ ಕೊಡ್ತೀನಿ.

ಮುಡುಕುತೊರೆ ಪರಿಷೆಗೋ ಸುತ್ತೂರು ಜಾತ್ರೆಗೋ ಹೋದಾಗ ನಾವು ಎತ್ತು ನೋಡೋ ಚಂದ ನೆನಪು ಮಾಡ್ಕೊಳ್ಳಿ. ಬಾಯಿ ಬಿಡಿಸಿ ಹಲ್ಲು ಎಣಿಸ್ತೀವಿ: ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ. ಹಣೆ, ಬೆನ್ನು, ಹೆಗಲು ಸವರಿ ಸುಳಿ ಹುಡುಕ್ತೀವಿ. ಒಂದು ಸುಳಿ ಅರ್ಧ ಇಂಚು ಆಚೆ ಇದ್ದರೆ ಮನೆಗೆ ಆಗಿಬರಲ್ಲ ಅಂತ ಐದು ಸಾವಿರ ಇಳಿಸ್ತೀವಿ. ಕೊಂಬು ಎರಡೂ ಒಂದೇ ಸಮ ಹಿಂದಕ್ಕೆ ಹೋಗಿ ಮೇಲಕ್ಕೆ ಬಾಗಿದೆಯಾ, ಗೊರಸು ಕರೀ ಬಣ್ಣವಾ, ಬಾಲ ಸಣ್ಣಗಿದೆಯಾ, ನಡೆಸಿದರೆ ಹಿಂಗಾಲು ಮುಂಗಾಲಿನ ಹೆಜ್ಜೆಗೆ ಬೀಳುತ್ತಾ, ಎಲ್ಲಾ ನೋಡ್ತೀವಿ. ಹತ್ತು ಮಾರು ದೂರದಿಂದಲೇ ಇದು ಒಳ್ಳೇ ಹಳ್ಳಿಕಾರ್ ತಳಿ, ಇದು ಬೆರಕೆ ಅಂತ ಹೇಳೋ ಹಿರೀಕರು ನಮ್ಮೂರಲ್ಲಿ ಇನ್ನೂ ಇದಾರೆ. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ಲಕ್ಷದ ವ್ಯಾಪಾರ ಮುಗಿಸ್ತೀವಿ.

ಅಂದ್ರೆ ನಮಗೆ ಕಣ್ಣಿಲ್ಲ ಅಂತಲ್ಲ. ದುಡ್ಡು ಕೊಡೋ ದಿನ ಕೂದಲಿನ ಸುಳಿಯನ್ನೂ ಬಿಡದ ಕಣ್ಣು ಅದು. ಆದ್ರೆ ಅದೇ ಎತ್ತು ಮನೆಗೆ ಬಂದು, ಪೂಜೆ ಆಗಿ, ಗೊಂತಿಗೆ ಕಟ್ಟಿದ ಮಾರನೇ ದಿನದಿಂದ ಆ ಕಣ್ಣು ಮುಚ್ಚಿಹೋಗುತ್ತೆ. ದಿನಾ ಎರಡು ಹೊತ್ತು ಮೇವು ಹಾಕ್ತೀವಿ, ಆದ್ರೆ ಅದರ ಮುಖ ನೋಡಲ್ಲ. ಸುಳಿ ಹುಟ್ಟಿನಿಂದ ಬಂದದ್ದು, ಬದಲಾಗಲ್ಲ. ನೋವು ನಿನ್ನೆ ಇರಲಿಲ್ಲ, ಇವತ್ತು ಬಂದಿದೆ. ದಿನಾ ನೋಡಬೇಕಾದ್ದು ಯಾವುದು, ನೀವೇ ಹೇಳಿ.

ಬೇರೆಯವರನ್ನ ಬೈಯೋಕೆ ಮುಂಚೆ ನನ್ನ ಪಾಪ ಹೇಳ್ಕೊಂಡುಬಿಡ್ತೀನಿ.

ನನ್ನ ಹತ್ತಿರ ಒಂದು ಜೋಡಿ ಇತ್ತು, ಮುಡುಕುತೊರೆಯಲ್ಲಿ ನಾಲ್ಕು ಹಲ್ಲಾಗಿದ್ದಾಗ ತಂದದ್ದು. ಬಲಗಡೆಯದು ಚೆನ್ನ, ಎಡಗಡೆಯದು ಬಸವ. ಐದು ವರ್ಷ ಒಂದು ದಿನ ಕೈ ಕೊಡಲಿಲ್ಲ. ಆರನೇ ವರ್ಷ ಗದ್ದೆ ಕೆಲಸದ ಹೊತ್ತಲ್ಲಿ ಚೆನ್ನ ತಲೆ ಒದರೋಕೆ ಶುರುಮಾಡ್ತು. ಹುಳ ಕೂತಿರಬೇಕು ಅಂದ್ಕೊಂಡೆ. ಆಮೇಲೆ ಸಾಯಂಕಾಲ ಬಿಟ್ಟಾಗ ಹುಣಸೆ ಮರಕ್ಕೆ ಬಲಗೊಂಬು ತಿಕ್ಕೋದು. ಕೊಬ್ಬು ಅಂದ್ಕೊಂಡೆ. ಮೇವು ತಿನ್ನೋವಾಗ ತಲೆ ಒಂದು ಕಡೆ ವಾಲಿಸ್ತಿತ್ತು. ಅದನ್ನ ನೋಡಿದೆ, ಏನೂ ಅಂದ್ಕೊಳ್ಳಲೇ ಇಲ್ಲ. ಒಂದು ದಿನ ನೊಗ ಎತ್ತಿದರೆ ಕತ್ತು ಕೊಡದೆ ಹಿಂದೆ ಸರೀತು. ಐದು ವರ್ಷ ನೊಗ ಕಂಡ ತಕ್ಷಣ ತಾನೇ ಬಂದು ಕತ್ತು ಬಗ್ಗಿಸ್ತಿದ್ದ ಎತ್ತು ಅದು. ಆವಾಗಾದ್ರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಪಕ್ಕದ ಗದ್ದೆಯವರು "ಕೊಬ್ಬು ಕಣಪ್ಪ, ಎರಡು ಬುಡು" ಅಂದ್ರು. ಬಿಟ್ಟೆ. ಎರಡಲ್ಲ, ಲೆಕ್ಕ ಇಲ್ಲ. ಹೊಡೆದದ್ದು ಬೆನ್ನಿಗೆ ಮಾತ್ರ ಅಲ್ಲ, ಕೊಂಬಿನ ಬುಡಕ್ಕೂ ಬಾರುಕೋಲಲ್ಲಿ ಬಿತ್ತು. ಆ ಏಟಿಗೆ ಅದು ಕೂಗಲಿಲ್ಲ. ಕಣ್ಣು ಮುಚ್ಚಿ ನಿಂತುಬಿಡ್ತು.

ಎರಡು ತಿಂಗಳಾದ ಮೇಲೆ ಬಲ ಹೊಳ್ಳೆಯಲ್ಲಿ ರಕ್ತ ಕಾಣ್ತು. ನಾಲೆ ನೀರು ಕುಡೀವಾಗ ಜಿಗಣೆ ಸೇರಿರಬೇಕು ಅಂತ ಉಪ್ಪುನೀರು ಬಿಟ್ಟು ಮತ್ತೆ ಹದಿನೈದು ದಿನ ಕಳೆದೆ. ಕೊನೆಗೆ ಡಾಕ್ಟ್ರು ಬಂದು ಕೊಂಬಿನ ಬುಡ ಮುಟ್ಟಿ ನೋಡಿದ್ರು. ಬಿಸಿ ಇತ್ತು, ಮೆತ್ತಗಿತ್ತು. ಬೆರಳಲ್ಲಿ ತಟ್ಟಿದರೆ ಎಡಗೊಂಬು ಠಣಠಣ ಅಂತಿತ್ತು, ಬಲಗೊಂಬು ಮಣ್ಣು ತುಂಬಿದ ಮಡಕೆ ಥರ ಡಬ್ ಅಂತಿತ್ತು. ಕೊಂಬಿನ ಕ್ಯಾನ್ಸರ್. ಕೊಂಬಿನ ಒಳಗಿನ ಟೊಳ್ಳಿನಲ್ಲಿ ಶುರುವಾಗುತ್ತೆ. ಆ ಟೊಳ್ಳು ತಲೆಬುರುಡೆಗೂ ಮೂಗಿಗೂ ಸೇರಿಕೊಂಡಿರೋದ್ರಿಂದ ಅದೇ ಕಡೆ ಹೊಳ್ಳೇಲಿ ರಕ್ತ ಬರುತ್ತೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಬರೋದೇ ದುಡಿಯೋ ಎತ್ತುಗಳಿಗೆ, ಅದರಲ್ಲೂ ಉದ್ದ ಕೊಂಬಿನವಕ್ಕೆ. ಶುರುವಿನ ಗುರುತು ಏನು ಗೊತ್ತಾ? ತಲೆ ಒದರೋದು, ಕೊಂಬು ತಿಕ್ಕೋದು, ತಲೆ ವಾಲಿಸೋದು. ಮೂರನ್ನೂ ನಾನು ಕಣ್ಣಾರೆ ಕಂಡಿದ್ದೆ. ಮೂರಕ್ಕೂ ಕೊಬ್ಬು ಅಂತ ಹೆಸರಿಟ್ಟಿದ್ದೆ.

ಡಾಕ್ಟ್ರು ಒಂದೇ ಮಾತು ಅಂದ್ರು: "ತಲೆ ಒದರೋಕೆ ಶುರುಮಾಡಿದಾಗಲೇ ಕರೆದಿದ್ರೆ ಬುಡದಿಂದ ಕೊಂಬು ಕೊಯ್ದು ಉಳಿಸಬಹುದಿತ್ತು ಗೌಡ್ರೆ." ಕೊಯ್ದೂ ನೋಡಿದ್ರು. ತಡವಾಗಿತ್ತು, ಮತ್ತೆ ಬೆಳೀತು. ಚೆನ್ನ ಉಳೀಲಿಲ್ಲ. ಜೋಡಿಗೆ ಒಂದೂವರೆ ಲಕ್ಷ ಕೇಳಿದ್ರೂ ಕೊಡದೇ ಇದ್ದೋನು ನಾನು. ಅದು ಹೋದ ಮೇಲೆ ಬಸವನ್ನ ಒಂಟಿಯಾಗಿ ಯಾರೂ ಕೇಳಲಿಲ್ಲ. ದುಡ್ಡಿನ ಲೆಕ್ಕ ಬಿಡಿ. ಆ ಕೊಂಬಿನ ಬುಡಕ್ಕೆ ಹೊಡೆದದ್ದು ಈಗಲೂ ಕೈಯಲ್ಲಿ ಇದೆ.

ಇನ್ನು ವಿಷಯಕ್ಕೆ ಬರ್ತೀನಿ. ಎತ್ತು ಯಾಕೆ ಬಾಯಿ ಬಿಟ್ಟು ಹೇಳಲ್ಲ? ನಾಯಿ ಕಾಲು ತುಳಿದರೆ ಕುಂಯ್ ಅಂತ ಊರು ಒಂದು ಮಾಡುತ್ತೆ. ಎತ್ತು, ಹಸು, ಕುದುರೆ ಹಾಗಲ್ಲ. ಇವೆಲ್ಲ ಹುಲಿ ಚಿರತೆಗೆ ಬೇಟೆಯಾಗಿ ಬದುಕಿದ ಕುಲ. ಗುಂಪಲ್ಲಿ ಯಾವುದು ಕುಂಟುತ್ತೋ ಯಾವುದು ನರಳುತ್ತೋ ಅದನ್ನೇ ಮೊದಲು ಹಿಡೀತದೆ ಹುಲಿ. ಅದಕ್ಕೇ ಇವಕ್ಕೆ ನೋವನ್ನ ಒಳಗೆ ನುಂಗೋ ಗುಣ ಬಂದಿದೆ. ಎತ್ತು ನರಳೋ ಮಟ್ಟಕ್ಕೆ ಬಂತು ಅಂದ್ರೆ ನೋವು ಶುರುವಾಗಿ ಬಹಳ ದಿನ ಆಗಿದೆ ಅಂತಲೇ ಲೆಕ್ಕ.

ಕುದುರೆ ಅಂದದ್ದಕ್ಕೆ ನೆನಪಾಯ್ತು. ಮೊನ್ನೆ ನೆಂಟರ ಮದುವೆಗೆ ನಂಜನಗೂಡಿಗೆ ಹೋಗಿದ್ದೆ. ಛತ್ರದ ಮುಂದೆ ಸಾರೋಟು. ಬಿಳೀ ಕುದುರೆಗೆ ಜರಿ ಬಟ್ಟೆ, ತಲೆಗೆ ಗರಿ. ಪಕ್ಕದಲ್ಲೇ ಬ್ಯಾಂಡು, ಪಟಾಕಿ. ಕುದುರೆ ಎರಡೂ ಕಿವಿ ಹಿಂದಕ್ಕೆ ಒತ್ತಿಕೊಂಡಿತ್ತು, ಕಣ್ಣಿನ ಬಿಳಿ ಕಾಣ್ತಿತ್ತು, ಹೊಳ್ಳೆ ಬಿಗಿದಿತ್ತು, ಗಲ್ಲ ಕಲ್ಲಿನ ಹಾಗೆ, ಬಾಲ ನಿಲ್ಲದೇ ಬಡೀತಿತ್ತು. ಜನ ಅದರ ಮುಖಕ್ಕೆ ಮುಖ ತಾಗಿಸಿ ಫೋಟೋ ತೆಗೆಸ್ಕೊಳ್ತಿದ್ರು. ಒಬ್ಬರು "ನೋಡು, ಎಷ್ಟು ಗತ್ತಲ್ಲಿ ನಿಂತದೆ" ಅಂದ್ರು. ಗತ್ತಲ್ಲ ಸ್ವಾಮಿ, ಭಯ.

ಇದು ನನ್ನ ಸ್ವಂತ ಕಲ್ಪನೆ ಅಂದ್ಕೋಬೇಡಿ. ಕುದುರೆ ಮುಖದಲ್ಲಿ ನೋವು ಓದೋದು ಹೇಗೆ ಅಂತ 2014ರಲ್ಲಿ ಯುರೋಪಿನ ವಿಜ್ಞಾನಿಗಳು ಒಂದು ಅಳತೆ ಮಾಡಿದ್ರು. ಬೀಜ ತೆಗೆಸಿದ ಗಂಡು ಕುದುರೆಗಳ ಮುಖದ ಚಿತ್ರ ನೋಡಿ ಆರು ಗುರುತು ಪಟ್ಟಿ ಮಾಡಿದ್ರು: ಕಿವಿ ಹಿಂದಕ್ಕೆ ಬಿಗಿಯೋದು, ಕಣ್ಣು ಅರ್ಧ ಮುಚ್ಚೋದು, ಕಣ್ಣಿನ ಮೇಲಿನ ಮೂಳೆ ಎದ್ದು ಕಾಣೋದು, ಅಗಿಯೋ ಸ್ನಾಯು ಗಟ್ಟಿಯಾಗೋದು, ತುಟಿ ಗಲ್ಲ ಬಿಗಿಯೋದು, ಹೊಳ್ಳೆ ಬಿಗಿಯೋದು. ಮಾರನೇ ವರ್ಷ, 2015ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು ಹಾಲಿನ ಹಸುಗಳಲ್ಲೂ ಇದೇ ಥರ ನೋವಿನ ಮುಖ ಇದೆ ಅಂತ ಗುರುತಿಸಿದ್ರು. ಅಲ್ಲಿಯವರು ಇದನ್ನ ಕಲಿಯೋಕೆ ಕ್ಯಾಮೆರಾ ಇಡಬೇಕಾಯ್ತು. ನಮ್ಮದು ಎತ್ತಿನ ಪಕ್ಕದಲ್ಲೇ ಮಲಗಿ ಎದ್ದು ಬೆಳೆದ ಜನ. ನಮಗೆ ಇದು ಬಾಯಿಪಾಠ ಆಗಿರಬೇಕಿತ್ತು.

ನಾನು ಚೆನ್ನ ಹೋದ ಮೇಲೆ ಕಲಿತದ್ದನ್ನ, ಡಾಕ್ಟ್ರು ಹೇಳಿದ್ದನ್ನ, ಹಿರೀಕರನ್ನ ಕೇಳಿ ತಿಳಿದದ್ದನ್ನ ಇಲ್ಲಿ ಬರೀತೀನಿ. ಬೆಳಗ್ಗೆ ಸಗಣಿ ಬಾಚೋಕೆ ಹೋದಾಗ ಎರಡು ನಿಮಿಷ ಸಾಕು.

ಕಿವಿ: ಸುಖವಾಗಿರೋ ಎತ್ತಿನ ಕಿವಿ ಸುಮ್ಮನಿರಲ್ಲ. ನೀವು ಬಂದ ಸದ್ದಿಗೆ ತಿರುಗುತ್ತೆ, ನೊಣಕ್ಕೆ ಒದರುತ್ತೆ. ಎರಡೂ ಕಿವಿ ಹಿಂದಕ್ಕೆ ಬಿಗಿದಿದ್ರೆ, ಇಲ್ಲಾ ಸತ್ತ ಎಲೆ ಹಾಗೆ ಜೋತುಬಿದ್ದಿದ್ರೆ ಏನೋ ಇದೆ. ಒಂದೇ ಕಿವಿ ಜೋತಿದ್ರೆ ಆ ಕಡೆ ಕಿವಿ, ಕೊಂಬು, ಹಲ್ಲು ನೋಡಿ.

ಕಣ್ಣು: ಕಣ್ಣಿನ ಮೇಲೆ ಸುಕ್ಕು ಬಿದ್ದು ಬಿಗಿಯಾಗಿದ್ರೆ, ನೋಟ ಎಲ್ಲೋ ನೆಟ್ಟು ನಿಮ್ಮ ಕಡೆ ತಿರುಗದೇ ಇದ್ರೆ ಅದು ನೋವು. ಬಿಳಿ ಜಾಸ್ತಿ ಕಂಡರೆ ಭಯ. ಕಣ್ಣು ಗುಳಿಬಿದ್ದಿದ್ರೆ ಮೈಯಲ್ಲಿ ನೀರು ಕಮ್ಮಿಯಾಗಿದೆ.

ಮೂತಿ: ಆರೋಗ್ಯದ ದನದ ಮೂತಿ ಮೇಲೆ ಯಾವಾಗಲೂ ಬೆವರಿನ ಹನಿ ಸಾಲು ಇರುತ್ತೆ. ಒಣಗಿದ್ರೆ ಜ್ವರ ಇರಬಹುದು. ಇದು ನಮ್ಮಜ್ಜಿಗೂ ಗೊತ್ತಿತ್ತು. ಹೊಳ್ಳೆ ಹಿಗ್ಗಿ ಬಿಗಿಯಾಗಿದ್ರೆ, ಸುತ್ತ ಗೆರೆ ಬಿದ್ದಿದ್ರೆ ಅದನ್ನೂ ಗಮನಿಸಿ.

ಮೆಲುಕು: ಇದು ಎಲ್ಲಕ್ಕಿಂತ ದೊಡ್ಡ ಗುರುತು. ಆರಾಮಾಗಿರೋ ದನ ದಿನಕ್ಕೆ ಏಳೆಂಟು ಗಂಟೆ ಹತ್ತಿರ ಮೆಲುಕು ಹಾಕುತ್ತೆ. ಒಂದು ಉಂಡೆಗೆ 40ರಿಂದ 60 ಸಲ ಅಗಿಯುತ್ತೆ. ಎಣಿಸಿ ನೋಡಿ. 20ಕ್ಕೇ ನುಂಗಿಬಿಡ್ತಿದ್ರೆ, ಇಲ್ಲಾ ಕೆಲಸ ಬಿಟ್ಟು ಬಂದು ಮಲಗಿ ಎರಡು ಗಂಟೆ ಆದ್ರೂ ಮೆಲುಕೇ ಹಾಕದಿದ್ರೆ ಮಾರನೇ ದಿನ ನೊಗ ಇಡಬೇಡಿ. ಮೆಲುಕಿಲ್ಲದೇ ಬರೀ ಹಲ್ಲು ಕಡಿಯೋ ಕರಕರ ಸದ್ದು ಬಂದ್ರೆ ಹೊಟ್ಟೆಯಲ್ಲೋ ಕಾಲಲ್ಲೋ ದೊಡ್ಡ ನೋವೇ ಇದೆ.

ಉಸಿರು: ಸುಮ್ಮನೆ ನಿಂತಾಗ ನಿಮಿಷಕ್ಕೆ 10ರಿಂದ 30 ಸಲ ಪಕ್ಕೆ ಏರಿಳಿಯುತ್ತೆ. ಕೆಲಸದಲ್ಲಿ ಏರೋದು ಸಹಜ. ನೆರಳಿಗೆ ಕಟ್ಟಿ ಅರ್ಧ ಗಂಟೆ ಆದ್ರೂ ಇಳೀದಿದ್ರೆ, ಬಾಯಿ ತೆರೆದು ನಾಲಿಗೆ ಚಾಚಿ ಜೊಲ್ಲು ಸುರಿಸ್ತಿದ್ರೆ ಅದು ಬಿಸಿಲ ಹೊಡೆತ. ಇನ್ನೊಂದು ಮಾತು, ಕಾಲುಬಾಯಿ ಬೇನೆ ಬಂದು ವಾಸಿಯಾದ ಎತ್ತುಗಳಲ್ಲಿ ಕೆಲವು ಜನ್ಮವಿಡೀ ಬಿಸಿಲು ತಡೆಯಲ್ಲ, ಬೇಗ ತೇಕುತ್ತವೆ. 2013ರಲ್ಲಿ ಆ ಬೇನೆ ನಮ್ಮ ರಾಜ್ಯದಲ್ಲಿ ಎಷ್ಟು ಕೊಟ್ಟಿಗೆ ಖಾಲಿ ಮಾಡ್ತು ಅಂತ ನಿಮಗೇ ಗೊತ್ತು. ಅದರಲ್ಲಿ ಉಳಿದು ಹೀಗೆ ತೇಕ್ತಿದ್ದ ಎತ್ತುಗಳಿಗೂ ಮೈಗಳ್ಳ ಅಂತಲೇ ಹೆಸರು ಬಂತು.

ನಿಲುವು: ನಾಲ್ಕು ಕಾಲಿಗೂ ಸಮ ಭಾರ ಹಾಕಿದೆಯಾ ನೋಡಿ. ಒಂದು ಕಾಲು ಪದೇ ಪದೇ ಎತ್ತಿ ಇಡ್ತಿದ್ರೆ ಗೊರಸು ನೋಡಿ, ಲಾಳದ ಮೊಳೆ ಒಳಗಿನ ಜೀವಕ್ಕೆ ತಾಗಿರಬಹುದು. ಲಾಳ ಹೊಡೆಸಿದ ದಿನವೇ ಕುಂಟಿದ್ರೆ ಹೊಸ ಲಾಳ, ಅಭ್ಯಾಸ ಆಗುತ್ತೆ ಅಂತ ಬಿಡಬೇಡಿ, ಮೊಳೆ ಕೀಳಿಸಿ. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಹೊಟ್ಟೆ ಬಿಗಿಹಿಡಿದು ನಿಂತಿದ್ರೆ ಹೊಟ್ಟೆನೋವು, ತಂತಿ ಮೊಳೆ ನುಂಗಿದ್ರೂ ಹೀಗೇ ನಿಲ್ಲುತ್ತೆ. ಎದ್ದು ನಿಂತ ತಕ್ಷಣ ಮೈ ಮುರಿಯೋ ದನ ಚೆನ್ನಾಗಿದೆ ಅಂತ ಅರ್ಥ.

ಹೆಗಲು: ನೊಗ ಇಳಿಸಿದ ಮೇಲೆ ದಿನಾ ಕೈಯಲ್ಲಿ ಸವರಿ. ಬಿಸಿ ಇದ್ರೆ, ಊತ ಇದ್ರೆ, ಕೈ ಇಟ್ಟರೆ ಚರ್ಮ ಅದುರಿದ್ರೆ ಅದು ನಾಳಿನ ಗಾಯ. ಗಾಡಿ ಹೇರೋದ್ರಲ್ಲೂ ಇದರ ಗುಟ್ಟಿದೆ. ಭಾರ ಮುಂದಕ್ಕೆ ಬಿದ್ದರೆ ಮೂಕಿ ಕೆಳಗೆ ಒತ್ತಿ ಎಲ್ಲಾ ಭಾರ ಕತ್ತಿನ ಮೇಲೆ. ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಕೊರಳ ಪಟ್ಟಿ ಗಂಟಲು ಹಿಸುಕುತ್ತೆ. ಅಚ್ಚಿನ ಮೇಲೆ ಸಮ ಕೂತರೆ ಮಾತ್ರ ಎತ್ತು ಎಳೀತದೆ, ಇಲ್ಲದಿದ್ರೆ ಎಳೆಯೋದರ ಜೊತೆಗೆ ಹೊರುತ್ತೆ.

ಜೋಡಿ: ಎರಡನ್ನೂ ಅಕ್ಕಪಕ್ಕ ನೋಡಿ ಹೋಲಿಸಿ. ನಿನ್ನೆವರೆಗೂ ಸಮವಾಗಿ ಹೆಜ್ಜೆ ಹಾಕ್ತಿದ್ದ ಜೋಡಿಯಲ್ಲಿ ಒಂದು ಹಿಂದೆ ಬಿದ್ದರೆ, ಒಂದು ಇನ್ನೊಂದರ ಮೇಲೆ ವಾಲಿದರೆ, ಎಡ ಬಲ ಬದಲಾಯಿಸಿದಾಗ ಸರಿಯಾದರೆ, ಅದರಲ್ಲೇ ಉತ್ತರ ಇದೆ.

ಈಗ ನೀವು ಹೇಳೋ ಮಾತುಗಳು ನನಗೆ ಗೊತ್ತು. ಭಾನುವಾರ ಎಲ್ಲಾ ಕೇಳಿಸ್ಕೊಂಡಿದೀನಿ. ಒಂದೊಂದಕ್ಕೇ ಉತ್ತರ ಕೊಡ್ತೀನಿ.

"ನಮ್ಮ ತಾತಂದಿರು ಹೊಡೆದೇ ಆರಂಬ ಮಾಡಿದ್ರು, ಅವರ ಎತ್ತು ಹದಿನೈದು ವರ್ಷ ಬಾಳ್ತಿತ್ತು." ಹೊಡೀತಿದ್ರು, ಸುಳ್ಳಲ್ಲ. ಆದ್ರೆ ಬೆಳಗ್ಗೆ ಬಿಸಿಲೇರೋಕೆ ಮುಂಚೆ ಆರು ಕಟ್ಟಿ ಹತ್ತೂವರೆಗೆ ಬಿಡ್ತಿದ್ರು. ಸೋಮವಾರ ನೊಗ ಮುಟ್ತಿರಲಿಲ್ಲ. ಕೆರೆಗೆ ಹೊಡೆದು ಮೈ ತಿಕ್ಕಿ ತೊಳೀತಿದ್ರು, ತೊಳೆಯೋವಾಗ ಮೈಯೆಲ್ಲ ಕೈಯಾಡಿ ಊತ ಗಾಯ ತಾನಾಗೇ ಗೊತ್ತಾಗ್ತಿತ್ತು. ಹೆಗಲಿಗೆ ಎಣ್ಣೆ ಹಚ್ತಿದ್ರು. ನಾವು ತಾತನಿಂದ ಚಾಟಿ ಒಂದನ್ನೇ ಇಟ್ಕೊಂಡು ಸೋಮವಾರದ ಬಿಡುವು, ಕೆರೆ, ಎಣ್ಣೆ ಎಲ್ಲಾ ಬಿಟ್ಟಿದೀವಿ. ಹಂಗಿದ್ಮೇಲೆ ತಾತನ ಹೆಸರು ಹೇಳೋದು ಯಾವ ಬಾಯಲ್ಲಿ?

"ಟನ್ ಲೆಕ್ಕದ ಬಾಡಿಗೆ ಕಣಣ್ಣ, ಕಮ್ಮಿ ಹೇರಿದ್ರೆ ಹೊಟ್ಟೆಗೇನು?" ಈ ಮಾತಿಗೆ ನನಗೂ ಬೇಜಾರಾಗುತ್ತೆ, ಯಾಕಂದ್ರೆ ಇದರಲ್ಲಿ ನಿಜ ಇದೆ. ಗಾಡಿಯವನು ಸಿರಿವಂತ ಅಲ್ಲ. ಆದ್ರೆ ಲೆಕ್ಕ ಪೂರ್ತಿ ಹಾಕಿ. ಹೆಗಲು ಕೆಟ್ಟ ಎತ್ತು ವಾಸಿಯಾಗೋಕೆ ಎರಡು ಮೂರು ವಾರ ಕೊಟ್ಟಿಗೇಲಿ ನಿಲ್ಲಬೇಕು. ಕಬ್ಬಿನ ಸುಗ್ಗಿಯಲ್ಲಿ ಎರಡು ವಾರ ಗಾಡಿ ನಿಂತರೆ ಎಷ್ಟು ಹೋಯ್ತು? ಒಂದು ಎತ್ತು ಸತ್ತರೆ ಜೋಡಿ ಹೋಯ್ತು. ದಿನಾ ಮೂರು ಕ್ವಿಂಟಲ್ ಜಾಸ್ತಿ ಹೇರಿ ಸಿಕ್ಕ ದುಡ್ಡು ಅದನ್ನ ತುಂಬುತ್ತಾ? ಇನ್ನೊಂದು, ಗಾಡಿ ಹುಡುಗನ ಮೇಲೆ ಮಾತ್ರ ಹಾಕಬೇಡಿ. ಇನ್ನೊಂದು ಹೊರೆ ಹಾಕ್ಲಾ, ಎರಡು ಟ್ರಿಪ್ ಯಾಕೆ ಅಂತ ನಿಂತು ಹೇರಿಸೋರು ಕಬ್ಬಿನ ಯಜಮಾನರಾದ ನಾವೇ. ಒಂದು ಟ್ರಿಪ್ ಬಾಡಿಗೆ ಉಳಿಸೋಕೆ ಬೇರೆಯವರ ಎತ್ತಿನ ಹೆಗಲು ಕೀಳ್ತೀವಿ.

"ಏಟಿಲ್ಲದೆ ಎತ್ತು ಮಾತು ಕೇಳಲ್ಲ." ಕಲಿಸದ ಎತ್ತು ಕೇಳಲ್ಲ, ಒಪ್ತೀನಿ. ಆದ್ರೆ ಐದು ವರ್ಷ ಮಾತು ಕೇಳಿದ ಎತ್ತು ಒಂದು ಬೆಳಗ್ಗೆ ಕೇಳದೇ ಹೋದರೆ ಅದಕ್ಕೆ ಮಾತು ಮರೆತುಹೋಯ್ತಾ? ಬಾಲ ತಿರುಚಿದಾಗ ಮುಂದಕ್ಕೆ ನುಗ್ಗುತ್ತಲ್ಲ, ಅದು ಕೆಲಸ ಮಾಡೋ ಮನಸ್ಸಿಂದಲ್ಲ. ಬಾಲದೊಳಗೂ ಬೆನ್ನುಮೂಳೆಯ ಗಂಟುಗಳೇ ಇರೋದು. ಹಳೇ ನೋವಿಗಿಂತ ಹೊಸ ನೋವು ದೊಡ್ಡದಾಗಿದ್ದಕ್ಕೆ ಓಡ್ತದೆ. ನಮ್ಮೂರ ಎಷ್ಟು ಎತ್ತಿನ ಬಾಲ ಸೊಟ್ಟಗಿದೆ ಎಣಿಸಿ ನೋಡಿ.

"ಇದೆಲ್ಲ ಸಿಟಿಯವರ ಮಾತು, ಪ್ರಾಣಿದಯೆ ಸಂಘದವರ ಹಾಗೆ ಮಾತಾಡ್ತೀಯ." ಇದಕ್ಕೆ ನನಗೆ ಸಿಟ್ಟು ಬರುತ್ತೆ. ಎತ್ತು ಕಟ್ಟೋದೇ ಪಾಪ, ಗಾಡಿ ಓಟ ನಿಲ್ಲಿಸಿ, ಎಲ್ಲಾ ನಿಲ್ಲಿಸಿ ಅನ್ನೋರ ಜೊತೆ ನಾನಿಲ್ಲ. ಎತ್ತಿಗೆ ಕೆಲಸ ಇಲ್ಲದ ದಿನ ಹಳ್ಳಿಕಾರ್ ತಳಿಯೂ ಇರಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ಬೇಡ ಅಂದಾಗ, 2017ರಲ್ಲಿ ನಮ್ಮ ರಾಜ್ಯ ಕಂಬಳಕ್ಕೂ ಎತ್ತಿನ ಓಟಕ್ಕೂ ಕಾಯ್ದೆ ತಿದ್ದಿತು. 2023ರ ಮೇ 18ಕ್ಕೆ ಐದು ಜನ ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿ ಸರಿ ಅಂತು. ನಮಗೆಲ್ಲ ಖುಷಿಯಾಯ್ತು, ನನಗೂ ಆಯ್ತು. ಆದ್ರೆ ಎತ್ತಿಗೆ ಅನಗತ್ಯ ನೋವು ಕೊಡಬಾರದು ಅನ್ನೋ ಮಾತು ಹಾಗೇ ಉಳಿದಿದೆ. ಗೆದ್ದದ್ದು ನಮ್ಮ ಆಚಾರ, ನಮ್ಮ ಚಾಟಿ ಅಲ್ಲ.

ಕಾನೂನು ಬೇಕು ಅನ್ನೋರಿಗೆ ಅದೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ರೋಗ, ಗಾಯ, ಹುಣ್ಣು ಇದ್ದು ಕೆಲಸಕ್ಕೆ ಆಗದ ಪ್ರಾಣಿಯನ್ನ ದುಡಿಸೋದೇ ಅಪರಾಧ. 1965ರ ನಿಯಮದಲ್ಲಿ ಭಾರ ಎಳೆಯೋ ಪ್ರಾಣಿಗಳನ್ನ ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಸತತ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟೋ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟಲೇಬಾರದು. ಮೊಳೆ ಹೊಡೆದ ಕೋಲು ಬಳಸಬಾರದು. ನಿಯಮ ಬಂದು ಅರವತ್ತು ವರ್ಷ ಆಯ್ತು. ನಮ್ಮಲ್ಲಿ ಎಷ್ಟು ಬಾರುಕೋಲಿನ ತುದೀಲಿ ಮೊಳೆ ಇದೆ? ನಮ್ಮನೇ ಅಟ್ಟದಲ್ಲೂ ಒಂದಿತ್ತು. ಕಿತ್ತುಹಾಕಿದೆ. ಪೊಲೀಸರು ಬಂದು ಹಿಡೀತಾರೆ ಅಂತ ಅಲ್ಲ, ಯಾರೂ ಬರಲ್ಲ ಅಂತ ನನಗೂ ಗೊತ್ತು.

ಇನ್ನೊಂದು ವಿಷಯ ನೇರವಾಗಿ ಹೇಳಬೇಕು. ಸಂಕ್ರಾಂತಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸ್ತೀವಿ. ಬಸವಣ್ಣ ಅಂತ ಕೈ ಮುಗೀತೀವಿ. ನಂಜುಂಡೇಶ್ವರನ ಮುಂದೆ ಕೂತ ನಂದಿಗೆ ಹೂವಿಟ್ಟು ಕಿವೀಲಿ ನಮ್ಮ ಕಷ್ಟ ಹೇಳ್ಕೊಂಡು ಬರ್ತೀವಿ. ಕಲ್ಲಿನ ಬಸವ ನಮ್ಮ ಕಷ್ಟ ಕೇಳ್ಬೇಕು, ಕೊಟ್ಟಿಗೆ ಬಸವನ ಕಷ್ಟ ನಾವು ಕೇಳಲ್ಲ. ಇದು ಯಾವ ನ್ಯಾಯ?

ಹಾಗಾದ್ರೆ ಏನು ಮಾಡಬೇಕು ಅಂತೀರ? ದೊಡ್ಡದೇನಿಲ್ಲ. ಬೆಳಗ್ಗೆ ಎರಡು ನಿಮಿಷ ಮುಖ ನೋಡಿ, ಸಂಜೆ ಎರಡು ನಿಮಿಷ ಹೆಗಲು ಸವರಿ. ನೊಗದ ಒಳಗಡೆ ನುಣ್ಣಗೆ ಕೆತ್ತಿಸಿ, ಗಂಟು ಒರಟು ಇದ್ರೆ ತೆಗೆಸಿ. ಗೋಣಿ ಸುತ್ತೋದಾದ್ರೆ ಒದ್ದೆ ಗೋಣಿ ಬೇಡ, ಅದು ಉಜ್ಜಿ ಇನ್ನೂ ಕೆಡಿಸುತ್ತೆ. ಹೆಗಲು ಕೆಂಪಾದ ದಿನವೇ ನೊಗ ನಿಲ್ಲಿಸಿ. ನಿಮ್ಮ ಕಬ್ಬಿಗೆ ಬಂದ ಗಾಡಿಗೆ ನೀವೇ ಸಾಕು ಅನ್ನಿ, ಹುಡುಗನಿಗೆ ಆ ಮಾತು ಹೇಳೋ ಧೈರ್ಯ ಇರಲ್ಲ. ಎತ್ತಿನ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದರೆ ಕೋಲು ತಗೊಳ್ಳೋಕೆ ಮುಂಚೆ ಫೋನು ತಗೊಳ್ಳಿ. 1962ಕ್ಕೆ ಮಾಡಿದ್ರೆ ಪಶು ಆಂಬುಲೆನ್ಸ್ ಸೇವೆ ಇದೆ. ಕೊಂಬು ತಿಕ್ಕೋ, ತಲೆ ವಾಲಿಸೋ ಎತ್ತಿದ್ರೆ ಎರಡೂ ಕೊಂಬು ತಟ್ಟಿ ಸದ್ದು ಹೋಲಿಸಿ, ಇವತ್ತೇ.

ಕೊನೇದಾಗಿ ಒಂದು ಬೇಡಿಕೆ. ಮೈಗಳ್ಳ, ಕೊಬ್ಬು, ಮೊಂಡು ಅನ್ನೋ ಈ ಮೂರು ಮಾತನ್ನ ಒಂದು ವರ್ಷ ಎತ್ತಿನ ಬಗ್ಗೆ ಬಳಸಬೇಡಿ. ಆ ಮಾತು ಬಾಯಿಗೆ ಬಂದಾಗಲೆಲ್ಲ ನುಂಗಿ, ಬದಲಿಗೆ "ಇದಕ್ಕೆ ಎಲ್ಲಿ ನೋವು?" ಅಂತ ಕೇಳಿ. ಹೆಸರು ಇಟ್ಟಮೇಲೆ ನಾವು ಹುಡುಕೋದು ನಿಲ್ಲಿಸ್ತೀವಿ. ನಾನು ಕೊಬ್ಬು ಅಂತ ಹೆಸರಿಟ್ಟಿದ್ದರಿಂದಲೇ ಎರಡು ತಿಂಗಳು ಕೊಂಬು ಮುಟ್ಟಿ ನೋಡಲಿಲ್ಲ.

ಭಾನುವಾರದ ಗಾಡಿ ಏನಾಯ್ತು ಅಂತ ಕೇಳ್ತೀರಲ್ಲ. ಅರ್ಧ ಕಬ್ಬು ಏರಿ ಮೇಲೇ ಇಳಿಸಿದೋ. ಎತ್ತು ಬಿಚ್ಚಿ ಹೊಂಗೆ ಮರದ ನೆರಳಿಗೆ ಕಟ್ಟಿ ನೀರು ಇಟ್ಟೆ, ಎರಡು ಬಕೆಟ್ ಒಂದೇ ಉಸಿರಿಗೆ ಕುಡೀತು. ಕಬ್ಬು ಟ್ರ್ಯಾಕ್ಟರಲ್ಲಿ ಹೋಯ್ತು. ಹುಡುಗ ಮೊದಲು ನನ್ನ ಮೇಲೆ ರೇಗ್ತಿದ್ದ. ಆಮೇಲೆ ಗಾಯ ತೊಳೆಯೋವಾಗ ಎತ್ತಿನ ಗಂಗೆದೊಗಲು ಸವರ್ತಾ, "ಮೂರು ದಿನದಿಂದ ಇದು ಸರಿಯಾಗಿ ಮೇಯ್ತಿರಲಿಲ್ಲ ಅಣ್ಣ, ಮಾಲೀಕರಿಗೆ ಹೇಳಕ್ಕೆ ಹೆದರಿಕೊಂಡೆ" ಅಂದ. ನೋಡಿ, ಅವನಿಗೆ ಕಂಡಿತ್ತು. ಹೇಳೋ ಜಾಗ ಇರಲಿಲ್ಲ.

ಬಸವ ಈಗಲೂ ನನ್ನ ಹತ್ತಿರ ಇದೆ. ವಯಸ್ಸಾಯ್ತು, ಕೆಲಸ ಇಲ್ಲ. ಚೆನ್ನ ನಿಲ್ತಿದ್ದ ಬಲಗಡೆ ಜಾಗ ಖಾಲಿ ಬಿಟ್ಟು ಇನ್ನೂ ಎಡಗಡೆಗೇ ಮಲಗುತ್ತೆ. ದಿನಾ ಬೆಳಗ್ಗೆ ಮೊದಲು ಅದರ ಕಿವಿ ನೋಡ್ತೀನಿ, ಮೂತಿ ನೋಡ್ತೀನಿ, ಎರಡೂ ಕೊಂಬು ತಟ್ಟಿ ಕೇಳ್ತೀನಿ. ಠಣಠಣ ಅಂತದೆ. ಆಮೇಲೆ ಸಗಣಿ ಬಾಚ್ತೀನಿ.

ನಾಳೆ ಬೆಳಗ್ಗೆ ನೀವೂ ತಟ್ಟಿ ನೋಡಿ. ಮುಂದಿನ ಸಲ ಒಟ್ಟಲಿನ ಬಗ್ಗೆ ಖಂಡಿತ ಬರೀತೀನಿ.